ಸೀಳು ಜೋಡಿ, ಕರಿ ಸಾಲಿಗ್ರಾಮ, ಚಿನ್ನದ ಬಣ್ಣದ ಸುರುಳಿ: ಮೈಸೂರಿನಲ್ಲಿ ಅಮೋನೈಟ್ ಕೊಳ್ಳುವವರಿಗೆ

ಮೈಸೂರು, ಮಂಡ್ಯ ಸೀಮೆಯಲ್ಲಿ ಎಲ್ಲಿ ಅಗೆದರೂ ಅಮೋನೈಟ್, ಅಂದರೆ ಸುರುಳಿ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ, ಸಿಗುವುದಿಲ್ಲ. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಗೆಲ್ಲ ಹಬ್ಬಿರುವ ನೈಸ್ ಶಿಲೆಗೆ 300 ಕೋಟಿ ವರ್ಷದ ಆಸುಪಾಸು. ಸುರುಳಿ ಚಿಪ್ಪಿನ ಈ ಕಡಲಜೀವಿಗಳ ವಂಶ ಶುರುವಾದದ್ದೇ ಸುಮಾರು 40 ಕೋಟಿ ವರ್ಷದ ಹಿಂದೆ, ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳು ಹೋದ ಕಾಲದಲ್ಲೇ. ವಯಸ್ಸಿನ ಮಾತು ಬಿಟ್ಟರೂ, ಕರಗಿ ಗಟ್ಟಿಯಾದ ಗ್ರಾನೈಟಿನಲ್ಲಾಗಲಿ, ಕಾವು ಒತ್ತಡಕ್ಕೆ ಸಿಕ್ಕಿ ರೂಪವೇ ಬದಲಾದ ನೈಸಿನಲ್ಲಾಗಲಿ ಚಿಪ್ಪು ಉಳಿಯುವುದಿಲ್ಲ. ಅದಕ್ಕೆ ಸಮುದ್ರದ ತಳದಲ್ಲಿ ಕೂತ ಕೆಸರು, ಸುಣ್ಣ, ಜೇಡಿ ಬೇಕು. ಹಾಗಾಗಿ ಸಂಗಮದ ಹತ್ತಿರ ಕಾವೇರಿ ಮರಳಲ್ಲಿ ಸಿಕ್ಕಿತು ಎಂದು ಯಾರಾದರೂ ಸುರುಳಿ ಕಲ್ಲು ತೋರಿಸಿ ಬೆಲೆ ಹೇಳಿದರೆ, ಆ ವ್ಯಾಪಾರ ಮುಂದುವರಿಸಬೇಡಿ. ಕಲ್ಲು ಅಸಲಿಯೇ ಇದ್ದರೂ ಅದರ ಊರು ಸುಳ್ಳು, ಮತ್ತು ಊರು ತಪ್ಪಿದ ಪಳೆಯುಳಿಕೆಗೆ ಸಂಗ್ರಹದಲ್ಲಿ ಅರ್ಧ ಬೆಲೆಯೂ ಇಲ್ಲ.

ಇದೇ ಕಾವೇರಿಯ ಕೆಳಭಾಗದಲ್ಲಿ, ತಮಿಳುನಾಡಿನ ಪೆರಂಬಲೂರು, ಅರಿಯಲೂರು ಕಡೆ ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಷಿಯಸ್ ಕಾಲದ ಕಡಲ ಪದರಗಳಿವೆ. ಅಲ್ಲಿನ ಅಮೋನೈಟ್‌ಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೊಲಿಚ್ಕಾ 1860ರ ದಶಕದಲ್ಲೇ ವಿವರವಾಗಿ ದಾಖಲಿಸಿದ್ದಾರೆ. ಕಛ್‌ನಲ್ಲಿ, ಹಿಮಾಚಲದ ಸ್ಪಿತಿಯಲ್ಲಿ ಇನ್ನೂ ಹಳೆಯವು, ಜುರಾಸಿಕ್ ಕಾಲದವು ಇವೆ. ಆದರೆ ನಮ್ಮ ಊರಿನ ಮಾರುಕಟ್ಟೆಗೆ ಬರುವ ಮಾಲು ಬಹುಪಾಲು ಇವು ಯಾವುದೂ ಅಲ್ಲ. ಗ್ರಂಧಿಗೆ ಅಂಗಡಿ, ದಸರಾ ವಸ್ತುಪ್ರದರ್ಶನದ ಹರಳು ಕಲ್ಲಿನ ಮಳಿಗೆ, ಆನ್‌ಲೈನ್ ಎಲ್ಲ ಸೇರಿಸಿ ನೋಡಿದರೆ ಕೈಗೆ ಬರುವುದು ನಾಲ್ಕು ಬಗೆ: ಮಡಗಾಸ್ಕರ್‌ನ ಸೀಳು ಜೋಡಿ, ನೇಪಾಳದ ಸಾಲಿಗ್ರಾಮ, ಚಿನ್ನದ ಬಣ್ಣದ ಪೈರೈಟ್ ಅಮೋನೈಟ್, ಮೊರೊಕ್ಕೊದ ಕರಿಕಲ್ಲಿನ ಬಿಳಿ ಸುರುಳಿ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಮೊದಲ ಬಾರಿ ಕೊಳ್ಳುವವರು 8ರಿಂದ 10 ಸೆಂ.ಮೀ. ಅಗಲದ ಮಡಗಾಸ್ಕರ್ ಜೋಡಿ ಕೊಳ್ಳಿ. ಪೈರೈಟನ್ನು ಮೊದಲ ಖರೀದಿಯಾಗಿ ಖಂಡಿತ ಬೇಡ. ಉಳಿದೆರಡಕ್ಕೂ ಷರತ್ತುಗಳಿವೆ.

ಅಂಗಡಿಗೆ ಹೋಗುವಾಗ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಜೇಬಿನಲ್ಲಿರಲಿ, ಅಶೋಕ ರಸ್ತೆಯ ಚಿನ್ನಬೆಳ್ಳಿ ಅಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದು. ಫೋನಿನ ಟಾರ್ಚ್ ಹೇಗೂ ಇರುತ್ತದೆ. 365 ನ್ಯಾನೊಮೀಟರಿನ ಸಣ್ಣ ನೇರಳಾತೀತ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಮಡಗಾಸ್ಕರ್ ಸೀಳು ಜೋಡಿ

ಇದು ವಾಯವ್ಯ ಮಡಗಾಸ್ಕರ್‌ನ ಮಹಾಜಂಗ ಪ್ರಾಂತ್ಯದ್ದು, ಸುಮಾರು 11 ಕೋಟಿ ವರ್ಷ ಹಳೆಯದು, ಹೆಚ್ಚಿನಂಶ ಕ್ಲಿಯೋನಿಸೆರಾಸ್ ಎಂಬ ಕುಲದ್ದು. ಇಡೀ ಚಿಪ್ಪನ್ನು ವಜ್ರದ ಅಲಗಿನ ಗರಗಸದಿಂದ ಸುರುಳಿಯ ಉದ್ದಕ್ಕೂ ಎರಡು ಹೋಳು ಮಾಡಿ, ಕೊಯ್ದ ಮುಖಕ್ಕೆ ಪಾಲಿಶ್ ಕೊಟ್ಟು ಮಾರುತ್ತಾರೆ. ನಾವು ಇದನ್ನು ಮೊದಲ ಖರೀದಿಗೆ ಹೇಳುವುದಕ್ಕೆ ಕಾರಣ ಅಂದವೊಂದೇ ಅಲ್ಲ. ಪ್ರಾಣಿ ಹೇಗೆ ಬದುಕಿತ್ತು, ಸತ್ತ ಮೇಲೆ ಚಿಪ್ಪಿಗೆ ಏನಾಯಿತು ಎನ್ನುವುದೆಲ್ಲ ಕೊಯ್ದ ಮುಖದಲ್ಲಿ ಕಣ್ಣಿಗೆ ಕಾಣುತ್ತದೆ. ಅಷ್ಟೆಲ್ಲ ವಿವರವನ್ನು ನಕಲಿ ಮಾಡಲು ಅಸಲಿಗಿಂತ ಹೆಚ್ಚು ಖರ್ಚಾಗುತ್ತದೆ, ಹಾಗಾಗಿ ಈ ಬಗೆಯಲ್ಲಿ ಪೂರ್ತಿ ನಕಲಿ ಕಡಿಮೆ. ಇಲ್ಲಿ ನಡೆಯುವ ಮೋಸ ಹೆಚ್ಚಾಗಿ ರಿಪೇರಿಯದು.

ಅಮೋನೈಟ್ ವಾಸವಿದ್ದದ್ದು ಕಟ್ಟಕಡೆಯ, ಬಾಯಿಯ ಬಳಿಯ ಕೋಣೆಯಲ್ಲಿ ಮಾತ್ರ. ಬೆಳೆದಂತೆ ಮುಂದಕ್ಕೆ ಸರಿದು ಬೆನ್ನ ಹಿಂದೆ ಒಂದು ಅಡ್ಡಗೋಡೆ ಕಟ್ಟುತ್ತಿತ್ತು. ಹಿಂದಿನ ಖಾಲಿ ಕೋಣೆಗಳಲ್ಲಿ ಅನಿಲ ತುಂಬಿ ಚಿಪ್ಪನ್ನು ತೇಲಿಸುತ್ತಿತ್ತು. ಎಲ್ಲ ಕೋಣೆಗಳನ್ನೂ ದಾಟಿ ಹೋಗುವ ಒಂದು ತೆಳುವಾದ ನಾಳ ಇತ್ತು; ಅಮೋನೈಟ್‌ಗಳಲ್ಲಿ ಅದು ಸಾಮಾನ್ಯವಾಗಿ ಸುರುಳಿಯ ಹೊರ ಅಂಚಿಗೆ ಅಂಟಿಕೊಂಡೇ ಸಾಗುತ್ತದೆ. ಪ್ರಾಣಿ ಸತ್ತು ಚಿಪ್ಪು ತಳ ಸೇರಿದ ಮೇಲೆ, ಒಡೆಯದೆ ಮುಚ್ಚಿಕೊಂಡಿದ್ದ ಕೋಣೆಗಳಿಗೆ ನೀರು ಜಿನುಗಿ ಸುಣ್ಣದ ಖನಿಜವಾದ ಕ್ಯಾಲ್ಸೈಟ್ ಹರಳು ಕಟ್ಟಿತು. ಒಡೆದ ಕೋಣೆಗಳಿಗೆ ಕೆಸರು ನುಗ್ಗಿತು. ಅದಕ್ಕೇ ಒಂದೇ ಚಿಪ್ಪಿನಲ್ಲಿ ಜೇನುಬಣ್ಣದ, ಹಾಲುಬಿಳಿಯ, ಮಣ್ಣುಕಂದಿನ ಕೋಣೆಗಳು ಅಕ್ಕಪಕ್ಕ ಇರುತ್ತವೆ. ಎಲ್ಲ ಕೋಣೆಯೂ ಒಂದೇ ಬಣ್ಣದಲ್ಲಿ, ಒಂದೇ ಹೊಳಪಿನಲ್ಲಿ ಇದ್ದರೆ ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿ.

ಈ ವಿಮರ್ಶೆಗೆ ಮುಂದಿಟ್ಟುಕೊಂಡ ಜೋಡಿ 9 ಸೆಂ.ಮೀ. ಅಗಲ, ಪ್ರತಿ ಹೋಳು 12 ಮಿ.ಮೀ. ದಪ್ಪ. ಕನ್ನಡಿಯ ಕೆಳಗೆ ಅಡ್ಡಗೋಡೆಗಳು ಕಂದು ಎಳೆಯ ಹಾಗೆ ತೆಳ್ಳಗೆ, ಪ್ರತಿಯೊಂದೂ ಬಾಯಿಯ ದಿಕ್ಕಿಗೆ ಉಬ್ಬಿದ ಬಿಲ್ಲಿನಂತೆ. ಹೊರಗಿನ ಸುತ್ತಿನಲ್ಲಿ ಗೋಡೆಗಳ ನಡುವೆ 6-7 ಮಿ.ಮೀ. ಅಂತರ, ಒಳಗೆ ಹೋದ ಹಾಗೆ ಅದು ಕ್ರಮವಾಗಿ ಕಿರಿದಾಗಿ, ನಡುಮಧ್ಯದಲ್ಲಿ ಬರಿಗಣ್ಣಿಗೆ ಎಣಿಸಲಾಗದಷ್ಟು ಒತ್ತಾಗುತ್ತದೆ. ಮೂರು ಕೋಣೆ ಪೂರ್ತಿ ತುಂಬಿಲ್ಲ. ಅವುಗಳ ಒಳಗೋಡೆಯಿಂದ ಸಕ್ಕರೆ ಹರಳಿನಂಥ ಕ್ಯಾಲ್ಸೈಟ್ ಮೊನೆಗಳು ಒಳಮುಖವಾಗಿ ಎದ್ದಿವೆ, ಟಾರ್ಚ್ ಬಿಟ್ಟರೆ ಒಂದೊಂದು ಮುಖವೂ ಬೇರೆ ಬೇರೆ ಕೋನದಲ್ಲಿ ಮಿನುಗುತ್ತದೆ. ಹೊರ ಅಂಚಿನ ಒಳಗೋಡೆಗೆ ತಾಗಿದಂತೆ ಅಲ್ಲಲ್ಲಿ ಕಪ್ಪು ಪಟ್ಟಿಯ ತುಣುಕು ಕಾಣುತ್ತದೆ. ಅದೇ ನಾಳ.

ನಾಳ ಕಾಣುತ್ತಿದೆ ಎಂದರೆ ಗರಗಸ ಸರಿಯಾಗಿ ನಡುಗೆರೆಯ ಮೇಲೆ ಹೋಗಿದೆ ಎಂದರ್ಥ. ಇದು ಈ ಮಾಲಿನ ಅತಿ ಮುಖ್ಯ ಗುಣ, ಮಾರುವವರು ಮಾತ್ರ ಇದರ ಬಗ್ಗೆ ಬಾಯಿಬಿಡುವುದಿಲ್ಲ. ಅಮೋನೈಟಿನ ಅಡ್ಡಗೋಡೆ ಮಧ್ಯದಲ್ಲಿ ನಯವಾಗಿದ್ದು ಅಂಚಿಗೆ ಬಂದಂತೆ ನಿರಿಗೆ ನಿರಿಗೆಯಾಗಿ ಮಡಚಿಕೊಳ್ಳುತ್ತದೆ. ಚಿಪ್ಪಿನ ಮೈಮೇಲೆ ಜರಿಯಂಚಿನ ಚಿತ್ತಾರ ಮೂಡುವುದು ಈ ನಿರಿಗೆಯಿಂದ. ಗರಗಸ ನಡುಗೆರೆಯಿಂದ ಕೆಲವೇ ಮಿ.ಮೀ. ಪಕ್ಕಕ್ಕೆ ಸರಿದರೂ ಬಿಲ್ಲಿನಂಥ ಗೋಡೆಗಳ ಬದಲು ಕುಣಿಕೆ ಕುಣಿಕೆಯ ತುಂಡು ಗೆರೆಗಳು ಕಾಣುತ್ತವೆ, ನಾಳ ಮಾಯವಾಗುತ್ತದೆ, ಒಳಗಿನ ಮೊದಲ ಸುತ್ತುಗಳು ಸಿಗುವುದೇ ಇಲ್ಲ. ಅಂಥದ್ದು ನಕಲಿಯಲ್ಲ, ಕೊಯ್ತ ಕೆಟ್ಟದ್ದು. ನಡುವೆ ಸುರುಳಿಯ ಮೊದಲ ಸುತ್ತುಗಳವರೆಗೂ ಗೋಡೆ ಸ್ಪಷ್ಟವಾಗಿರುವ ಜೋಡಿಗೂ ನಡುಭಾಗ ಮಸುಕಾದ ಜೋಡಿಗೂ ಒಂದೇ ಬೆಲೆ ಹೇಳಿದರೆ ಯಾವುದನ್ನು ಆರಿಸಬೇಕು ಎಂದು ಹೇಳಬೇಕಿಲ್ಲ.

ಎರಡು ಹೋಳನ್ನೂ ಪುಸ್ತಕ ತೆರೆದಂತೆ ಪಕ್ಕಪಕ್ಕ ಇಟ್ಟು ಹೋಲಿಸಿ. ಗರಗಸದ ಅಲಗು ಮತ್ತು ಪಾಲಿಶ್ ಸೇರಿ 2-3 ಮಿ.ಮೀ. ಕಲ್ಲು ಪುಡಿಯಾಗಿ ಹೋಗಿರುತ್ತದೆ, ಆದ್ದರಿಂದ ಕನ್ನಡಿ ಬಿಂಬದ ಹಾಗೆ ನೂರಕ್ಕೆ ನೂರು ಹೊಂದುವುದಿಲ್ಲ. ಆದರೆ ಹೊರಸುತ್ತಿನ ಗೋಡೆಗಳ ಸಂಖ್ಯೆ, ಕೆಸರು ತುಂಬಿದ ಕೋಣೆ ಯಾವುದು, ದೊಡ್ಡ ಬಿರುಕು ಎಲ್ಲಿ ಎಂಬುದು ಎರಡರಲ್ಲೂ ಒಂದೇ ಇರಬೇಕು. ಒಂದರಲ್ಲಿ ಹರಳು ತುಂಬಿದ ಕೋಣೆ ಇನ್ನೊಂದರಲ್ಲಿ ಮಣ್ಣಾಗಿದ್ದರೆ ಅವು ಬೇರೆ ಬೇರೆ ಚಿಪ್ಪಿನ ಹೋಳುಗಳು. ಒಂದೊಂದೇ ಹೋಳಾಗಿ, ಕಡಿಮೆ ಬೆಲೆಗೆ ಕೊಡುವುದಾದರೆ ತೆಗೆದುಕೊಳ್ಳಬಹುದು. ಜೋಡಿಯ ಬೆಲೆಗೆ ಬೇಡ.

ಇನ್ನು ರಿಪೇರಿ. ಮಡಗಾಸ್ಕರ್ ಮಾಲಿನಲ್ಲಿ ಬಿರುಕು ಸಹಜ, ಅದನ್ನು ಎಪಾಕ್ಸಿ ಎಂಬ ಅಂಟುರಾಳ ತುಂಬಿ ಗಟ್ಟಿ ಮಾಡುವುದೂ ಸಹಜ. ಕೂದಲೆಳೆಯಷ್ಟು ಬಿರುಕಿಗೆ ತುಂಬಿದ್ದರೆ ತಕರಾರು ಬೇಡ. ಇಡೀ ಕೋಣೆಯನ್ನೇ ಬಣ್ಣದ ರಾಳದಿಂದ ತುಂಬಿ ಪಾಲಿಶ್ ಹೊಡೆದಿದ್ದರೆ ಬೇಡ. ಕಂಡುಹಿಡಿಯುವುದು ಸುಲಭ: ರಾಳದಲ್ಲಿ ಸೂಜಿಮೊನೆಯಷ್ಟು ಗುಂಡನೆಯ ಗಾಳಿಗುಳ್ಳೆಗಳಿರುತ್ತವೆ, ಕ್ಯಾಲ್ಸೈಟಿನಲ್ಲಿ ಗುಳ್ಳೆ ಇರುವುದಿಲ್ಲ, ಓರೆಯಾಗಿ ಸೀಳಿದ ಚಪ್ಪಟೆ ಮುಖಗಳಿರುತ್ತವೆ. ನೇರಳಾತೀತ ಟಾರ್ಚಿಗೆ ಎಪಾಕ್ಸಿ ಸಾಮಾನ್ಯವಾಗಿ ನೀಲಿಬಿಳಿಯಾಗಿ ಬೆಳಗುತ್ತದೆ. ಕ್ಯಾಲ್ಸೈಟೂ ಕೆಲವೊಮ್ಮೆ ಬೆಳಗುತ್ತದೆ, ಆದ್ದರಿಂದ ಬೆಳಕಿನ ಆಕಾರ ನೋಡಿ: ಕೋಣೆಯ ಗೋಡೆಗೆ ಸರಿಯಾಗಿ ನಿಂತರೆ ಹರಳು, ಗೋಡೆ ದಾಟಿ ಹರಡಿದ್ದರೆ ಅಂಟು.

ಹೋಳಿನ ಹಿಂಬದಿ ತಿರುಗಿಸಿ ನೋಡದೆ ಕೊಳ್ಳಬೇಡಿ. ಅಲ್ಲಿ ಮೂಲ ಚಿಪ್ಪಿನ ಮುತ್ತಿನ ಪದರ ಉಳಿದಿದ್ದರೆ ಕೆಂಪು, ಹಸಿರು ಛಾಯೆ ಕೊಡುತ್ತದೆ. ಆ ಪದರ ಅರಗೊನೈಟ್ ಎಂಬ ಖನಿಜ; ಬಣ್ಣ ಹುಟ್ಟುವುದು ಅದರ ಬಹು ತೆಳುವಾದ ಪರೆಗಳಿಂದ ಬೆಳಕು ಮರಳುವಾಗ. ಕೈಯಲ್ಲಿ ಹೊರಳಿಸಿದರೆ ಕೆಂಪಿದ್ದಲ್ಲಿ ಹಸಿರು ಬರಬೇಕು. ಯಾವ ಕಡೆಯಿಂದ ನೋಡಿದರೂ ಅದೇ ಬಣ್ಣ ಇದ್ದರೆ ಪೇಂಟು. ಅಂಗಡಿಯವರು ಒಪ್ಪಿದರೆ ಕಾಣದ ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿ ಒತ್ತಿ ನೋಡಿ. ಉಗುರುಬಣ್ಣ ತೆಗೆಯುವ ದ್ರಾವಣವೂ ನಡೆಯುತ್ತದೆ, ಅಸಿಟೋನ್ ಇರುವುದಾದರೆ. ಹತ್ತಿಗೆ ಬಣ್ಣ ಹತ್ತಿದರೆ ವಾಪಸ್ ಕೊಡಿ. ಬಣ್ಣವಿಲ್ಲದ ವಾರ್ನಿಷ್ ಮಾತ್ರ ಬಂದರೆ ಅಡ್ಡಿಯಿಲ್ಲ, ಹೊಳಪಿಗೆ ಅದನ್ನು ಹಚ್ಚುವುದು ವಾಡಿಕೆ.

ಇದೇ ಮಡಗಾಸ್ಕರಿನಿಂದ ನಾಟಿಲಸ್ ಎಂಬ ಇನ್ನೊಂದು ಸುರುಳಿ ಚಿಪ್ಪಿನ ಕಡಲಜೀವಿಯ ಜೋಡಿಗಳೂ ಬರುತ್ತವೆ, ಎರಡನ್ನೂ ಅಮೋನೈಟ್ ಎಂದೇ ಮಾರುವವರಿದ್ದಾರೆ. ಗೋಡೆಗಳ ಬಿಲ್ಲು ಬಾಯಿಯಿಂದ ಹಿಂದಕ್ಕೆ ಬಾಗಿ, ನಾಳ ಅಂಚಿನ ಬದಲು ಗೋಡೆಗಳ ನಡುಭಾಗದಲ್ಲಿ ತೂರಿದ್ದರೆ ಅದು ನಾಟಿಲಸ್. ನಾಟಿಲಸ್ ಕೀಳೇನಲ್ಲ, ಚೀಟಿಯಲ್ಲಿ ಹೆಸರು ಸರಿಯಾಗಿರಬೇಕು ಅಷ್ಟೆ.

ತೂಕದ ಪರೀಕ್ಷೆ

ಅಚ್ಚು ಹಾಕಿದ ರಾಳದ ಸುರುಳಿಯನ್ನು ಹಿಡಿಯಲು ಇದಕ್ಕಿಂತ ಸರಳ ದಾರಿ ಇಲ್ಲ. ಕಲ್ಲನ್ನು ಒಣಗಿದ ಸ್ಥಿತಿಯಲ್ಲಿ ತೂಗಿ ಬರೆದುಕೊಳ್ಳಿ. ಸ್ಟೀಲ್ ಪಾತ್ರೆಯಲ್ಲಿ ಕಲ್ಲು ಮುಳುಗುವಷ್ಟು ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕಾಗಲಿ ಅಂಚಿಗಾಗಲಿ ತಾಗಬಾರದು. ಗುಳ್ಳೆ ಬರುವುದು ನಿಂತ ಮೇಲೆ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಮಿಲಿಲೀಟರ್. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಕಲ್ಲಿನ ಸಾಂದ್ರತೆ ಸಿಗುತ್ತದೆ. ಮೇಲೆ ಹೇಳಿದ ಜೋಡಿಯ ಒಂದು ಹೋಳು 148 ಗ್ರಾಂ, ನೀರಿನಲ್ಲಿ ತೋರಿಸಿದ್ದು 55, ಭಾಗಿಸಿದರೆ 2.69. ಶುದ್ಧ ಕ್ಯಾಲ್ಸೈಟ್ 2.71, ಹಾಗಾಗಿ ಲೆಕ್ಕ ಸರಿಹೋಯಿತು.

ಬರೀ ರಾಳ 1.1ರಿಂದ 1.3ರ ಒಳಗೆ ಬರುತ್ತದೆ. ಕಲ್ಲುಪುಡಿ ಕಲಸಿದ ರಾಳ 2ರ ಆಸುಪಾಸಿಗೆ ಏರಬಹುದು. ಪೈರೈಟ್ 5, ಆದ್ದರಿಂದ ಪೈರೈಟ್ ತುಂಬಿದ ಕಲ್ಲು 3 ದಾಟುತ್ತದೆ. ಟೊಳ್ಳು ಕೋಣೆ ಹೆಚ್ಚಿದ್ದು ನೀರು ಒಳಹೋಗದಿದ್ದರೆ ಅಸಲಿ ಕಲ್ಲೂ 2.4ಕ್ಕೆ ಇಳಿಯಬಹುದು, ಅದೊಂದನ್ನೇ ನಂಬಿ ನಕಲಿ ಎನ್ನಬೇಡಿ. ಪರೀಕ್ಷೆ ಮುಗಿದ ಮೇಲೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಂದು ದಿನ ಒಣಗಿಸಿ. ಚಿನ್ನದ ಬಣ್ಣ ಕಾಣುವ ಪೈರೈಟ್ ಅಮೋನೈಟನ್ನು ಮಾತ್ರ ನೀರಿಗೆ ಇಳಿಸಲೇಬೇಡಿ, ಕಾರಣ ಮುಂದಿದೆ.

ಸಾಲಿಗ್ರಾಮ

ಮೇಲುಕೋಟೆ, ಶ್ರೀರಂಗಪಟ್ಟಣ, ಮೈಸೂರಿನ ಅಗ್ರಹಾರಗಳ ಎಷ್ಟೋ ಮನೆಗಳ ದೇವರ ಸಂಪುಟದಲ್ಲಿ ತಲೆಮಾರುಗಳಿಂದ ಇರುವ ಅಮೋನೈಟ್ ಇದು. ನೇಪಾಳದ ಮುಕ್ತಿನಾಥದ ಕಡೆಯಿಂದ ಇಳಿಯುವ ಕಾಳಿಗಂಡಕಿಯ ಪಾತ್ರದಲ್ಲಿ ಸಿಗುವ ಕಪ್ಪು ಉಂಡೆಗಳು. ಜುರಾಸಿಕ್ ಕೊನೆಯ ಹೊತ್ತಿನವು, ಸುಮಾರು 15 ಕೋಟಿ ವರ್ಷದವು. ಹಿಮಾಲಯ ಎದ್ದು ನಿಲ್ಲುವ ಮೊದಲು ಅಲ್ಲಿದ್ದ ಸಮುದ್ರದ ಕಪ್ಪು ಜೇಡಿಯಲ್ಲಿ ಚಿಪ್ಪಿನ ಸುತ್ತ ಖನಿಜ ಗಟ್ಟಿಯಾಗಿ ಉಂಡೆಯಾಯಿತು. ನದಿ ಅದನ್ನು ಬಿಡಿಸಿ ಉರುಳಿಸಿ ನಯ ಮಾಡಿತು. ವಜ್ರಕೀಟ ಕೊರೆದ ಚಕ್ರ, ಒಳಗೆ ಚಿನ್ನ ಎಂದು ಹಿರಿಯರು ಹೇಳುತ್ತಾರಲ್ಲ, ಆ ಚಕ್ರ ಅಮೋನೈಟಿನ ಸುರುಳಿ ಮತ್ತು ಏಣುಗಳ (ಚಿಪ್ಪಿನ ಮೇಲಿನ ಉಬ್ಬುಗೆರೆಗಳ) ಅಚ್ಚು. ಚಿನ್ನದ ಮಿನುಗು ಪೈರೈಟಿನದು.

ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು ಎಂಬ ಮಾತು ಸಂಪ್ರದಾಯದಲ್ಲಿದೆ. ಹಾಗಿದ್ದೂ ಅದು ಮಾರಾಟಕ್ಕಿದೆ, ಬೆಲೆ ಚಕ್ರದ ಸ್ಪಷ್ಟತೆ ಮತ್ತು ಅದಕ್ಕೆ ಕೊಡುವ ಹೆಸರಿನ ಮೇಲೆ ಏರುತ್ತದೆ. ಈ ನಾಲ್ಕು ಬಗೆಯಲ್ಲಿ ನಕಲಿ ಅತಿ ಹೆಚ್ಚು ಇರುವುದೂ ಇಲ್ಲೇ. ಪೂಜೆಗೆ ಕೊಳ್ಳುವವರು ಕಲ್ಲನ್ನು ಕೆರೆದು ನೋಡುವುದಿಲ್ಲ ಎಂಬುದು ಮಾರುವವರಿಗೆ ಗೊತ್ತು. ನಾವು ಹೇಳುವ ಪರೀಕ್ಷೆಗಳಲ್ಲಿ ಯಾವುದೂ ಕಲ್ಲಿಗೆ ಗಾಯ ಮಾಡುವುದಿಲ್ಲ.

ಮೊದಲು ಏಣುಗಳನ್ನು ನೋಡಿ. ಗಂಡಕಿಯ ಅಮೋನೈಟ್‌ಗಳಲ್ಲಿ ಹೆಚ್ಚಿನವು ಪೆರಿಸ್ಫಿಂಕ್ಟಿಡ್ ಎಂಬ ಬಳಗಕ್ಕೆ ಸೇರಿದವು. ಅವುಗಳ ಏಣು ಸುರುಳಿಯ ಒಳಬದಿಯಲ್ಲಿ ಒಂದಾಗಿ ಹೊರಟು, ಹೊರ ಅಂಚಿಗೆ ಬರುವ ಮೊದಲು ಎರಡಾಗಿ ಕವಲೊಡೆಯುತ್ತದೆ. ಕವಲಿನ ಜಾಗ ಒಂದು ಏಣಿನಿಂದ ಇನ್ನೊಂದಕ್ಕೆ ಚೂರು ಹಿಂದೆ ಮುಂದೆ ಇರುತ್ತದೆ, ನಡುನಡುವೆ ಕವಲೇ ಇಲ್ಲದ ಏಣೂ ಬರುತ್ತದೆ. ಕೆತ್ತಿದ ಕಲ್ಲಿನಲ್ಲಿ ಚಕ್ರದ ಗೆರೆಗಳು ಗಾಡಿಚಕ್ರದ ಕಡ್ಡಿಗಳಂತೆ ಒಂದೇ ಅಳತೆ, ಒಂದೇ ಆಳ, ಕವಲಿಲ್ಲ. ಗೆರೆಯ ತಳಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದು ಕನ್ನಡಿಯಲ್ಲಿ ನೋಡಿದರೆ ಯಂತ್ರದ ಮೊನೆ ಸುತ್ತಿದ ಸಣ್ಣ ಸಮಾನಾಂತರ ಗೀರುಗಳು ಕಾಣುತ್ತವೆ. ನದಿ ಸವೆಸಿದ ಕಲ್ಲಿನಲ್ಲಿ ಉಬ್ಬಿದ ಭಾಗ ನಯ, ತಗ್ಗಿನ ಭಾಗ ಒರಟು. ತಗ್ಗು ಉಬ್ಬು ಎಲ್ಲ ಒಂದೇ ಸಮ ಹೊಳೆಯುತ್ತಿದ್ದರೆ ಯಂತ್ರದಲ್ಲಿ ಪಾಲಿಶ್ ಆಗಿದೆ.

ಎರಡು ಹೋಳಾಗಿ ತೆರೆಯುವ ಸಾಲಿಗ್ರಾಮಕ್ಕೆ ಇನ್ನೂ ಖಚಿತವಾದ ಪರೀಕ್ಷೆ ಇದೆ. ಉಂಡೆ ಒಡೆದಾಗ ಒಂದು ಹೋಳಿನಲ್ಲಿ ಅಮೋನೈಟ್ ಉಬ್ಬಿ ನಿಲ್ಲುತ್ತದೆ, ಇನ್ನೊಂದರಲ್ಲಿ ಅದರ ತಗ್ಗಿನ ಅಚ್ಚು ಇರುತ್ತದೆ, ಉಬ್ಬಿದ ಏಣಿಗೆ ಸರಿಯಾಗಿ ಎದುರಿನಲ್ಲಿ ಗುಂಡಿ. ಎರಡರಲ್ಲೂ ಉಬ್ಬೇ ಇದ್ದರೆ, ಅಥವಾ ಮುಚ್ಚಿದಾಗ ಏಣುಗಳು ಒಂದಕ್ಕೊಂದು ಕೂರದೆ ಬಿರುಕು ಬಿಟ್ಟರೆ, ಅಲ್ಲಿ ಮನುಷ್ಯನ ಕೈ ಆಡಿದೆ.

ಕಪ್ಪು ಬಣ್ಣ ಹಚ್ಚಿದ್ದೋ ಎಂದು ನೋಡಲು ಮೊದಲು ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ತಳಕ್ಕೆ ಅಸಿಟೋನ್ ಹತ್ತಿ ಒತ್ತಿ. ತೊಳೆಯದೆ ಒತ್ತಿದರೆ ಹಳೆಯ ಎಣ್ಣೆ, ಗಂಧದ ಜಿಡ್ಡೇ ಕಂದಾಗಿ ಬಂದು ದಾರಿ ತಪ್ಪಿಸುತ್ತದೆ. ತೂಕದ ಲೆಕ್ಕದಲ್ಲಿ ಅಸಲಿ ಸಾಲಿಗ್ರಾಮ ಸಾಮಾನ್ಯವಾಗಿ 2.6ರಿಂದ 2.8ರ ಒಳಗೆ, ಪೈರೈಟ್ ಹೆಚ್ಚಿದ್ದರೆ ಅದಕ್ಕೂ ಮೇಲೆ. ಕರಿ ಸಾಬೂನುಕಲ್ಲಿನಲ್ಲಿ ಕೆತ್ತಿದ್ದೂ ಇದೇ ಅಂಕಿಗೆ ಬರುತ್ತದೆ, ಹಾಗಾಗಿ ತೂಕ ರಾಳವನ್ನು ಮಾತ್ರ ಹಿಡಿಯುತ್ತದೆ, ಕೆತ್ತನೆಯನ್ನಲ್ಲ. ಕಲ್ಲಿನ ಜೊತೆ ಕೊಡುವ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟಿನಲ್ಲಿ ಯಾವ ಪರೀಕ್ಷೆ ಮಾಡಲಾಯಿತು ಎಂದು ಬರೆದಿಲ್ಲವಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮನೆಯಲ್ಲಿ ಈಗಾಗಲೇ ಇರುವ ಸಾಲಿಗ್ರಾಮದ ಬಗ್ಗೆ ಒಂದು ಮಾತು, ಇದನ್ನು ಹೇಳಲೇಬೇಕು. ದ್ವಾರದ, ಅಂದರೆ ಕಲ್ಲಿನಲ್ಲಿರುವ ತೂತಿನ, ಒಳಗೆ ಚಿನ್ನದ ಮಿನುಗಿದ್ದರೆ ಅಭಿಷೇಕ ಮುಗಿದ ಕೂಡಲೇ ಒಣಹತ್ತಿ ಬಟ್ಟೆಯಿಂದ ಒಳಗೂ ಒರೆಸಿ, ಪೂರ್ತಿ ಆರಿದ ಮೇಲೆಯೇ ಸಂಪುಟ ಮುಚ್ಚಿ. ಹಾಲಿನಭಿಷೇಕವಾದರೆ ಕೊನೆಗೆ ಶುದ್ಧ ನೀರು ಹಾಕಿ, ಏಣುಗಳ ಸಂದಿಗೆ ಮೆತ್ತನೆಯ ಬ್ರಷ್ ಆಡಿಸಿ. ರಾತ್ರಿಯಿಡೀ ನೀರಿನಲ್ಲಿ ಇಡಬೇಡಿ. ದ್ವಾರದ ಸುತ್ತ ತುಕ್ಕಿನ ಬಣ್ಣದ ಕಲೆ, ಬಿಳಿಯ ಅಥವಾ ಹಳದಿ ಪುಡಿ ಕಾಣಿಸಿದರೆ ಪೈರೈಟ್ ಕೊಳೆಯುತ್ತಿದೆ. ಆ ಕಲ್ಲಿನ ಮೇಲೆ ಹಾಕಿದ ನೀರಿನಲ್ಲಿ ಕಬ್ಬಿಣದ ಸಲ್ಫೇಟೂ ಆಮ್ಲವೂ ಇಳಿದಿರುತ್ತದೆ, ಅದನ್ನು ತೀರ್ಥವಾಗಿ ಕೊಡುವುದು ಬೇಡ. ಅಂಥದ್ದಕ್ಕೆ ಹೂವು, ತುಳಸಿಯಷ್ಟೇ ಅರ್ಪಿಸಿ ಒಣಗಾಗಿ ಇಟ್ಟರೆ ಕಲ್ಲು ಇನ್ನೂ ಬಹುಕಾಲ ಬಾಳುತ್ತದೆ.

ಚಿನ್ನದ ಬಣ್ಣದ್ದು

ಪೈರೈಟ್ ಅಮೋನೈಟ್ ಹೆಚ್ಚಾಗಿ ರಷ್ಯಾದ ವೋಲ್ಗಾ ಸೀಮೆಯದು, 2-5 ಸೆಂ.ಮೀ. ಗಾತ್ರ, ಸುಮಾರು 16 ಕೋಟಿ ವರ್ಷದ್ದು. ಕಣ್ಣಿಗೆ ಇದರಷ್ಟು ಚೆಂದ ಯಾವುದೂ ಇಲ್ಲ. ಚಿಪ್ಪು ಕಳಚಿದ ಕಡೆ ಅಡ್ಡಗೋಡೆಗಳ ನಿರಿಗೆ ಚಿತ್ತಾರ ಎಲೆಯ ನರಗಳಂತೆ ಬಿಡಿಸಿಕೊಂಡಿರುತ್ತದೆ. ಆದರೆ ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ. ಗಾಳಿಯ ತೇವ ಶೇ. 60 ದಾಟಿದರೆ ಆಮ್ಲಜನಕದ ಜೊತೆ ಸೇರಿ ಕಬ್ಬಿಣದ ಸಲ್ಫೇಟೂ ಗಂಧಕಾಮ್ಲವೂ ಆಗಿ ಕೊಳೆಯಲು ತೊಡಗುತ್ತದೆ. ಸಲ್ಫೇಟಿಗೆ ಪೈರೈಟಿಗಿಂತ ಹೆಚ್ಚು ಜಾಗ ಬೇಕು, ಆದ್ದರಿಂದ ಒಳಗಿನಿಂದಲೇ ಉಬ್ಬಿ ಕಲ್ಲು ಸೀಳುತ್ತದೆ. ಆಮ್ಲ ಕೆಳಗಿನ ಕಾಗದವನ್ನೂ ಮರದ ಹಲಗೆಯನ್ನೂ ಸುಡುತ್ತದೆ, ಪಕ್ಕದಲ್ಲಿರುವ ಕ್ಯಾಲ್ಸೈಟ್ ಅಮೋನೈಟನ್ನೂ ಕೆಡಿಸುತ್ತದೆ. ಮೈಸೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯ ತೇವ ಶೇ. 70 ದಾಟುವುದು ಸಾಮಾನ್ಯ. ಷೋಕೇಸಿನಲ್ಲಿ ತೆರೆದಿಡುವ ಆಸೆಯಿದ್ದರೆ ಇದನ್ನು ಕೊಳ್ಳಬೇಡಿ.

ಕೊಂಡೇ ತೀರುತ್ತೇವೆ ಎನ್ನುವವರಿಗೆ: ರಬ್ಬರ್ ಅಂಚಿನ ಗಾಳಿಯಾಡದ ಪಾರದರ್ಶಕ ಡಬ್ಬಿ, 1 ಲೀಟರ್ ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್, ಒಳಗೆ ತೇವ ತೋರಿಸುವ ಸಣ್ಣ ಮೀಟರ್. ಅಂಕಿ 40ರ ಕೆಳಗಿರಲಿ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಲವಣವಿರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದು ತನ್ನಿ. ಜೆಲ್ ಬಣ್ಣ ಬದಲಾದಾಗ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ವಾರ್ನಿಷ್ ಬಳಿದರೆ ಸಾಕು ಎಂದು ಮಾರುವವರು ಹೇಳುವುದನ್ನು ನಂಬಬೇಡಿ. ವಾರ್ನಿಷ್ ತೇವವನ್ನು ತಡೆದು ನಿಲ್ಲಿಸುವುದಿಲ್ಲ, ಒಳಗೆ ಶುರುವಾದ ಕೊಳೆತವನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಕೊಳ್ಳುವಾಗ ಮೂಸಿ ನೋಡಿ. ಹುಳಿ ಗಂಧಕದ ವಾಸನೆ, ಸಂದಿಯಲ್ಲಿ ಬೂದುಬಿಳಿ ಪುಡಿ, ಚೀಟಿಯ ಕಾಗದದಲ್ಲಿ ಕಂದು ಸುಟ್ಟಂಥ ಗುರುತು, ಇವುಗಳಲ್ಲಿ ಒಂದಿದ್ದರೂ ಮುಟ್ಟಬೇಡಿ.

ಮೊರೊಕ್ಕೊದ ಕರಿಕಲ್ಲು

ಎರ್ಫೂದ್ ಊರಿನ ಸುತ್ತಲಿನ ಕಪ್ಪು ಸುಣ್ಣಕಲ್ಲು, ಡೆವೊನಿಯನ್ ಕಾಲದ್ದು, ಅಂದರೆ 36 ಕೋಟಿ ವರ್ಷಕ್ಕಿಂತ ಹಳೆಯದು. ಬಿಳಿ ಸುರುಳಿಗಳು ಗೋನಿಯಟೈಟ್, ಅಮೋನೈಟ್‌ಗಳ ಹಳೆಯ ನೆಂಟರು; ಜೊತೆಗಿರುವ ಉದ್ದ ಈಟಿಯಂಥವನ್ನು ಆರ್ಥೊಸೆರಾಸ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ತಟ್ಟೆ, ಬಟ್ಟಲು, ಪೇಪರ್‌ವೇಟ್ ಆಗಿ ಬರುತ್ತದೆ. ನಾಲ್ಕು ಬಗೆಯಲ್ಲಿ ಅಗ್ಗದ್ದು ಇದು, ಪೈರೈಟಿನಂತೆ ನಮ್ಮ ಮಳೆಗಾಲಕ್ಕೆ ಕೆಡುವುದೂ ಇಲ್ಲ. ಶಾಲೆಗೆ ಕೊಡಲು ಒಳ್ಳೆಯದು. ಒಂದೇ ಅಳತೆಯ ಸುರುಳಿಗಳು ಬಟ್ಟಲಿನ ಸುತ್ತ ಸಾಲಾಗಿ ಕೂತಿದ್ದರೆ ಅವನ್ನು ಬೇರೆ ಕಡೆಯಿಂದ ತಂದು ಕರಿ ಸಿಮೆಂಟಿನಲ್ಲಿ ಕೂರಿಸಿದ್ದು. ಅಸಲಿಯಲ್ಲಿ ಕೆಲವು ಓರೆಯಾಗಿ ಕೊಯ್ದು ಅಂಡಾಕಾರವಾಗಿರುತ್ತವೆ, ಕೆಲವು ಅರ್ಧಕ್ಕೇ ತುಂಡಾಗಿರುತ್ತವೆ, ಬಿಳಿ ಕ್ಯಾಲ್ಸೈಟಿನ ನರ ಕಲ್ಲನ್ನೂ ಚಿಪ್ಪನ್ನೂ ಒಟ್ಟಿಗೆ ಸೀಳಿಕೊಂಡು ಹೋಗುತ್ತದೆ. ಬಿಡಿ ಗೋನಿಯಟೈಟಿನ ಮೈಮೇಲೆ ಅಂಕುಡೊಂಕಾದ, ಆದರೆ ನಿರಿಗೆಯಿಲ್ಲದ ಗೆರೆ ಕಾಣಬೇಕು.

ಮಳೆಬಿಲ್ಲಿನ ಬಣ್ಣದ ಉಂಗುರದ ಕಲ್ಲು ಅಮೊಲೈಟ್ ಕೆನಡಾದ ಆಲ್ಬರ್ಟಾದ ಅಮೋನೈಟ್ ಚಿಪ್ಪಿನಿಂದ ಬರುವುದು. ಒಡವೆಯಲ್ಲಿ ಅದನ್ನು ಸಾಮಾನ್ಯವಾಗಿ ಮೇಲೆ ಪಾರದರ್ಶಕ ಕವಚ, ಕೆಳಗೆ ಕರಿಕಲ್ಲು ಇಟ್ಟು ಅಂಟಿಸಿರುತ್ತಾರೆ. ಪಳೆಯುಳಿಕೆ ಸಂಗ್ರಹಕ್ಕೆ ಅದರಿಂದ ಸೇರುವುದು ಏನೂ ಇಲ್ಲ, ಒಡವೆಯಾಗಿ ಇಷ್ಟವಾದರೆ ಮಾತ್ರ ಕೊಳ್ಳಿ.

ಶುಚಿ, ಚೀಟಿ, ಪಾರ್ಸೆಲ್

ಕ್ಯಾಲ್ಸೈಟ್, ಅರಗೊನೈಟ್ ಎರಡೂ ಹುಳಿಗೆ ಕರಗುತ್ತವೆ. ಹಿತ್ತಾಳೆ ದೀಪ ತಿಕ್ಕುವಂತೆ ಹುಣಸೆಹಣ್ಣು, ನಿಂಬೆ, ಪೀತಾಂಬರಿ ಹಾಕಿ ತಿಕ್ಕಿದರೆ ಪಾಲಿಶ್ ಒಂದೇ ಸಲಕ್ಕೆ ಮಾಸಿ ಬಿಳಿಚಿಕೊಳ್ಳುತ್ತದೆ, ಮತ್ತೆ ತರಲು ಸಾಣೆಗೇ ಕೊಡಬೇಕು. ಧೂಳಿಗೆ ಮೆತ್ತನೆಯ ಬ್ರಷ್, ಬೆರಳಿನ ಜಿಡ್ಡಿಗೆ ಹಸಿ ಬಟ್ಟೆ, ಅಷ್ಟೇ. ವಿನಿಗರ್ ಹಾಕಿ ನೊರೆ ಬಂದರೆ ಅಸಲಿ ಎಂದು ವಿಡಿಯೋಗಳಲ್ಲಿ ತೋರಿಸುವುದನ್ನು ಪಾಲಿಶ್ ಮುಖದ ಮೇಲೆ ಮಾಡಬೇಡಿ. ಬೇಕೇ ಬೇಕಾದರೆ ಹಿಂಬದಿಯಿಂದ ಸೂಜಿಯಲ್ಲಿ ಚಿಟಿಕೆ ಪುಡಿ ಕೆರೆದು ಚಮಚದಲ್ಲಿಟ್ಟು ಹನಿ ಹಾಕಿ. ಅಮೃತಶಿಲೆಯ ಪುಡಿಗೂ ಅದೇ ನೊರೆ ಬರುತ್ತದೆ ಎಂಬುದೂ ನೆನಪಿರಲಿ.

ಬಿಲ್ಲಿನಲ್ಲಿ ಕುಲದ ಹೆಸರು, ದೇಶ, ಸಿಕ್ಕ ಪ್ರಾಂತ್ಯ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅವರಿಗೆ ಗೊತ್ತಿಲ್ಲ. ಅದೇ ಮಾಹಿತಿಯನ್ನು, ಕೊಂಡ ತಾರೀಕಿನ ಜೊತೆ, ಪೆನ್ಸಿಲಿನಲ್ಲಿ ಅಥವಾ ಮಾಸದ ಇಂಕಿನಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ. ಕಲ್ಲಿನ ಮೇಲೆ ಸೆಲ್ಲೋಟೇಪ್ ಅಂಟಿಸಬೇಡಿ, ಕಿತ್ತಾಗ ಮುತ್ತಿನ ಪದರವೂ ಎದ್ದು ಬರುತ್ತದೆ.

ಆನ್‌ಲೈನ್‌ನಲ್ಲಿ ಜೋಡಿ ತರಿಸಿದರೆ ಎರಡು ಹೋಳನ್ನೂ ಬೇರೆ ಬೇರೆ ಸುತ್ತಿ ಕಳಿಸಲು ಮೊದಲೇ ಬರೆದು ತಿಳಿಸಿ. ಪಾಲಿಶ್ ಮುಖಗಳು ಒಂದಕ್ಕೊಂದು ಎದುರಾಗಿ ಒಂದೇ ಪೊಟ್ಟಣದಲ್ಲಿ ಬಂದರೆ ದಾರಿಯುದ್ದಕ್ಕೂ ಉಜ್ಜಿ ಗೀರು ಬೀಳುತ್ತವೆ, ಹೊರ ಅಂಚಿನ ತೆಳು ಚಿಪ್ಪು ಮೊದಲು ಉದುರುತ್ತದೆ. ಫೋಟೋದಲ್ಲಿ ಹೋಳಿನ ಪಕ್ಕ ಸ್ಕೇಲ್ ಇಟ್ಟು ಮುಂಬದಿ, ಹಿಂಬದಿ, ಅಂಚು ಮೂರನ್ನೂ ಕಳಿಸಲು ಕೇಳಿ, ಮತ್ತು ಪಾರ್ಸೆಲ್ ಬಿಚ್ಚುವುದನ್ನು ಟೇಪ್ ಕತ್ತರಿಸುವುದರಿಂದ ಹಿಡಿದು ತಡೆಯಿಲ್ಲದೆ ವಿಡಿಯೋ ಮಾಡಿಕೊಳ್ಳಿ. ಮುರಿದು ಬಂದದ್ದಕ್ಕೆ ಹಣ ವಾಪಸ್ ಕೇಳುವಾಗ ಮಾರುವವರು ಮೊದಲು ಕೇಳುವುದು ಅದನ್ನೇ.